ಅಂಗಾಲು ನೋಡುವವರು

ಬೊರಿವಲಿ ಪೂರ್ವ
೯ ಫೆಬ್ರವರಿ ೨೦೨೫, ರವಿವಾರ

ಪ್ರಿಯ ಸಂಗನಬಸವ ಅವರಿಗೆ,

...ಗಡಿಸೀಮೆಯಲ್ಲಿ ದಂಗೆ ಎದ್ದ ಸುದ್ದಿ ರಾಜಧಾನಿಗೆ ಎಲ್ಲಕ್ಕಿಂತ ಕಡೆಗೆ ಮುಟ್ಟುತ್ತದೆ ಎಂದೋ, ಮುಟ್ಟುವ ಹೊತ್ತಿಗೆ ಸೀಮೆಯೇ ಕೈಬಿಟ್ಟಿರುತ್ತದೆ ಎಂದೋ, ನೀವು ಅಂಥದ್ದೇನೋ ಅಂದಿದ್ದಿರಿ. ಧಾರವಾಡದ ಸ್ಟೇಷನ್ನು, ನನ್ನ ಗಾಡಿ ತಡ, ನಿಮ್ಮ ಕೈಯಲ್ಲಿ ಚಹಾ. ನನ್ನ ಕೆಲಸದ ಬಗ್ಗೆ ಕೇಳಿ, ಕೇಳಿದ್ದಕ್ಕೆ ಇತಿಹಾಸದ ಮೇಷ್ಟ್ರ ಹಾಗೆ ನೀವೇ ಒಂದು ಉತ್ತರವನ್ನೂ ಕೊಟ್ಟಿರಿ. ಅರ್ಧ ಮಾತನ್ನು ಗೂಡ್ಸ್ ಗಾಡಿ ನುಂಗಿತು. ಇನ್ನೊಮ್ಮೆ ಹೇಳಿ ಎಂದು ನಾನು ಅನ್ನಲಿಲ್ಲ. ಹಾಗೆ ಕೇಳುವ ರೂಢಿ ಗಂಡಹೆಂಡಿರಾದ ನಮ್ಮಿಬ್ಬರಲ್ಲಿ ಯಾವಾಗ ತಪ್ಪಿತೋ ಗೊತ್ತಿಲ್ಲ.

ಹೇಗಿದ್ದೀರಿ? ಡಿಸೆಂಬರಿನ ನಿಮ್ಮ ಪತ್ರಕ್ಕೆ ಫೆಬ್ರವರಿಯಲ್ಲಿ ಉತ್ತರಿಸುತ್ತಿದ್ದೇನೆ. ಕೆಲಸ ಹೆಚ್ಚಿತ್ತು ಎಂಬುದು ನಿಜ, ಪೂರ್ತಿ ನಿಜವಲ್ಲ. ಫೋನಿನಲ್ಲಿ ನಾವು ಗ್ಯಾಸಿನ ಬಗ್ಗೆ, ಸೊಸೈಟಿಯ ನೀರಿನ ಬಗ್ಗೆ, ಯಾರ ಮನೆಯ ಮದುವೆಗೆ ಯಾರು ಹೋಗಬೇಕು ಎಂಬುದರ ಬಗ್ಗೆ ಮಾತಾಡಿ ಇಡುತ್ತೇವೆ. ಇದು ಅಲ್ಲಿ ಹಿಡಿಸುವ ವಿಷಯವಲ್ಲ. ಬಿಡುವಿನ ಒಂದು ರವಿವಾರ ಬೇಕಿತ್ತು, ಇವತ್ತು ಸಿಕ್ಕಿದೆ. ಬಾಲ್ಕನಿಯ ಆಚೆ ನ್ಯಾಷನಲ್ ಪಾರ್ಕಿನ ಗುಡ್ಡ ಒಣಗಿ ಕಂದಾಗಿದೆ. ನಿಮ್ಮ ಕುರ್ಚಿಯ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳಿವೆ. ಮಿಕ್ಕಂತೆ ಎಲ್ಲವೂ ಇದ್ದ ಹಾಗೇ ಇದೆ.

ಗೋರೆಗಾಂವಿನ ನಮ್ಮ ಸಂಸ್ಥೆ ಮಾಡುತ್ತಿರುವ ಅಧ್ಯಯನ ನಿಮಗೆ ಅಷ್ಟಿಷ್ಟು ಗೊತ್ತು. ಶುಗರ್ ಬಹಳ ಕಾಲ ಹತೋಟಿಯಲ್ಲಿಲ್ಲದಿದ್ದರೆ ಕಾಲಿನ ನರಗಳು ಜಡವಾಗುತ್ತವೆ. ಹರಳು ಒತ್ತಿದರೂ, ಬಿಸಿ ತಾಗಿದರೂ ತಿಳಿಯುವುದಿಲ್ಲ. ತಿಳಿಯದ ಗಾಯ ಹುಣ್ಣಾಗುತ್ತದೆ, ಹುಣ್ಣು ಎಲುಬಿಗೆ ಇಳಿಯುತ್ತದೆ, ಆಮೇಲೆ ಬೆರಳೋ ಪಾದವೋ ಹೋಗುತ್ತದೆ. ಇದನ್ನು ತಡೆಯುವ ಮೊದಲ ದಾರಿ ತೀರ ಸರಳ: ದಿನಕ್ಕೊಮ್ಮೆ ಅಂಗಾಲನ್ನು ನೋಡಬೇಕು. ಕೆಂಪಾಗಿದೆಯೇ, ಬಿರಿದಿದೆಯೇ, ಏನಾದರೂ ಚುಚ್ಚಿದೆಯೇ, ಅಷ್ಟೇ. ಆದರೆ ಶುಗರಿನವರಲ್ಲಿ ಅನೇಕರಿಗೆ ಮಂಡಿ ಬಗ್ಗುವುದಿಲ್ಲ, ಕಣ್ಣೂ ಮಂಜಾಗಿರುತ್ತದೆ. ಆದ್ದರಿಂದ ಮನೆಯಲ್ಲಿ ಇನ್ನೊಬ್ಬರು ನೋಡಲಿ ಎಂದು ನಾವು ಧಾರಾವಿಯ ಚಾಳುಗಳಲ್ಲಿ ಕಲಿಸುತ್ತ ಬಂದೆವು. ಹೆಚ್ಚಿನವರು ನಮ್ಮ ವಿಜಯಪುರ, ಬೆಳಗಾವಿ ಕಡೆಯವರೇ. ನಾನು ಆ ಭಾಗವನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಭಾಷೆ ಗೊತ್ತು, ಮನೆಗಳು ಗೊತ್ತು ಎಂಬ ಧೈರ್ಯ.

ಡಿಸೆಂಬರಿನಲ್ಲಿ ಮೊದಲ ವರ್ಷದ ಲೆಕ್ಕ ಬಂತು. ಗಂಡಸರಲ್ಲಿ ಹುಣ್ಣಿನ ಸಂಖ್ಯೆ ಚೆನ್ನಾಗಿ ಇಳಿದಿತ್ತು. ಹೆಂಗಸರಲ್ಲಿ ಕದಲಿರಲಿಲ್ಲ. ದಿನಾ ಮನೆಯವರು ಕಾಲು ನೋಡುತ್ತಾರೆಯೇ ಎಂಬ ಪ್ರಶ್ನೆಗೆ ಮಾತ್ರ ಹೆಂಗಸರು ಗಂಡಸರಷ್ಟೇ ಗಟ್ಟಿಯಾಗಿ ಹೌದು ಅಂದಿದ್ದರು. ಇಬ್ಬರ ಕಾಲನ್ನೂ ನೋಡಲಾಗುತ್ತಿದೆ, ಒಬ್ಬರದು ಮಾತ್ರ ಉಳಿಯುತ್ತಿದೆ. ಪರಿಶೀಲನಾ ಸಮಿತಿಯ ಅಧ್ಯಕ್ಷರು ಸೌಜನ್ಯದಿಂದಲೇ ಹೇಳಿದರು: ಫೆಬ್ರವರಿಯ ಸಭೆಯ ಹೊತ್ತಿಗೆ ನೀವು ಇದಕ್ಕೆ ಕಾರಣ ತೋರಿಸದಿದ್ದರೆ ಮನೆಯಲ್ಲಿ ನೋಡುವ ಭಾಗವನ್ನು ಕೈಬಿಡೋಣ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆಸಿ ನೋಡಿದರೆ ಸಾಕು. ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ತಿಂಗಳ ಹಾದಿಯನ್ನು ಹುಣ್ಣು ವಾರದಲ್ಲಿ ಮುಗಿಸುತ್ತದೆ.

ಅದೇ ಹೊತ್ತಿಗೆ ಶರಣವ್ವ ಬಂದಳು. ನಮ್ಮ ಅಧ್ಯಯನದಲ್ಲಿರುವ ಹೆಂಗಸು, ನನಗಿಂತ ತುಸು ಹಿರಿಯಳು. ಗಂಡ ಶಿವಪುತ್ರಪ್ಪ ಚಪ್ಪಲಿ ಮಾಡುವವನು. ಕೆಳಗೆ ಮನೆ, ಏಣಿ ಹತ್ತಿದರೆ ಅಟ್ಟದ ಮೇಲೆ ಕಾರಖಾನೆ. ಮೇಲಿನಿಂದ ಬಿದ್ದ ಒಂದು ಸಣ್ಣ ಮೊಳೆ ಅವಳ ಹೆಬ್ಬೆರಳ ಬುಡದಲ್ಲಿ ಹೊಕ್ಕು ಕೂತಿತ್ತು. ಯಾವಾಗ ಹೊಕ್ಕಿತೆಂದು ಅವಳಿಗೆ ಗೊತ್ತಿರಲಿಲ್ಲ. ಕಾಲುಚೀಲದ ವಾಸನೆ ಕೆಟ್ಟಾಗ ಬಂದಿದ್ದಳು. ಸರ್ಜನ್ ಮೊಳೆ ತೆಗೆದು, ಕೊಳೆತದ್ದನ್ನು ಕತ್ತರಿಸಿ, ಎಕ್ಸರೇ ನೋಡಿ ಹೇಳಿದರು: ಎಲುಬಿಗೆ ಇನ್ನೂ ಇಳಿದಿಲ್ಲ, ಔಷಧ ಕೊಡುತ್ತೇನೆ, ಕಾಲಿನ ಮೇಲೆ ಭಾರ ಬೀಳಬಾರದು, ಡ್ರೆಸ್ಸಿಂಗಿಗೆ ತಪ್ಪದೆ ಬರಲಿ, ನಡುವೆ ಮನೆಯಲ್ಲಿ ಯಾರಾದರೂ ದಿನಾ ನೋಡಿ ಕೆಂಪು ಮೇಲೇರಿದರೆ ಅವತ್ತೇ ತಿಳಿಸಲಿ. ಮೇಲೇರಿದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ.

ಮನೆಮನೆಗೆ ಹೋಗಿ ಉತ್ತರ ಬರೆದುಕೊಳ್ಳುವ ನಮ್ಮ ಫೀಲ್ಡಿನ ಹುಡುಗಿ ವೈಶಾಲಿಯನ್ನು ಕರೆದುಕೊಂಡು ನಾನೇ ಶರಣವ್ವನ ಮನೆಗೆ ಹೋದೆ. ವೈಶಾಲಿಯ ಮನೆಯವರು ಬೆಳಗಾವಿಯವರು, ಅವಳು ಹುಟ್ಟಿದ್ದು ಇಲ್ಲೇ ಸಾಯನ್ನಿನಲ್ಲಿ. ಅವಳ ಕನ್ನಡ ಪ್ರತಿ ವಾಕ್ಯದಲ್ಲೂ ಎರಡು ಸಲ ಗಾಡಿ ಬದಲಿಸುತ್ತದೆ.

ಶರಣವ್ವ ಬಾಗಿಲ ಒಳಗೆ ನೆಲದ ಮೇಲೆ ಕೂತಿದ್ದಳು, ಕಾಲು ಸೀರೆಯೊಳಗೆ.

"ಬರ್ರಿ ಮೇಡಂ, ಚಾ ಕುಡೀರಿ. ಕಾಲಿಂದೇನೂ ಚಿಂತಿ ಮಾಡಬ್ಯಾಡ್ರಿ. ನಮ್ಮನ್ಯಾವ್ರು ದಿನಾ ನೋಡತಾರ."

ಏಣಿಯ ಮೇಲಿಂದ ಶಿವಪುತ್ರಪ್ಪನ ದನಿ ಬಂತು. "ಏನ ನೋಡತೇನಿ ನಾ?"

"ಕಾಲ."

"ಯಾರ ಕಾಲ?"

"ಸುಮ್ಮ ಕೆಳಗ ಬಂದ ಚಾಕ್ಕ ಹೇಳಿ ಬರ್ರಿ."

ಎದುರು ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ದಿಲನಾಜ ತಲೆ ಎತ್ತಿದಳು. ಅವಳೂ ವಿಜಯಪುರದ ಕಡೆಯವಳೇ, ಅವಳಿಗೂ ಶುಗರ್. "ಮೇಡಂ, ಆಕಿ ಝೂಟ್ ಹೇಳತಾಳ. ಆಂವ ಆಕೀದು ನೋಡಿದ್ದು ಮಾರಿ ಒಂದ. ಅದೂ ಲಗ್ನದಾಗ."

"ನೀ ನಿನ್ನ ಬಳ್ಳೊಳ್ಳಿ ನೋಡ್ಕೋ," ಅಂದಳು ಶರಣವ್ವ.

ಶಿವಪುತ್ರಪ್ಪ ಇಳಿದು ಬಂದು ಗೋಡೆಗೆ ಒರಗಿ ನಿಂತ. ಕೈಯಲ್ಲಿ ಅಂಟು ಮೆತ್ತಿತ್ತು. "ನೋಡ್ತೇನಿ ಅಂದ್ರ ಕಾಲ ಜಗ್ಗೋತಾಳ್ರಿ. ಮೊಳಿ ನಂದು, ಕಾಲ ಆಕೀದು. ಊರ ಮಂದೀ ಕಾಲೆಲ್ಲಾ ಹಿಡದ ಅಳತಿ ತಗೊಂಡೇನಿ. ಈಕೀ ಕಾಲ ಮುಟ್ಟಿಲ್ಲ."

"ಮತ್ತ ಈಕೀಗೆ ಚಪ್ಪಲಿ?" ಎಂದು ಕೇಳಿದೆ.

"ಬಚ್ಚಲದಾಗಿಂದ ಬಂದ್ರ ನೆಲದ ಮ್ಯಾಲ ಹಸಿ ಹೆಜ್ಜಿ ಮೂಡ್ತಾವಲ್ರಿ. ಅದನ್ನ ನೋಡಿ ಮಾಡೋದು."

ಶರಣವ್ವ ಇದನ್ನು ಮೊದಲ ಸಲ ಕೇಳಿದವಳಂತೆ ಅವನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ಒಪ್ಪಿಸುವವಳಂತಲ್ಲ, ತಿಳಿಸಿ ಹೇಳುವವಳಂತೆ ಹೇಳಿದಳು: "ಈ ಕೈಲೆ ಅವ್ರ ಕಾಲಿಗೆ ನಮಸ್ಕಾರ ಮಾಡಿದಾಕಿ ನಾ. ಈಗ ಅವ್ರ ಕೈಯಾಗ ನನ್ನ ಕಾಲ ಇಡ್ಲ್ಯಾ? ನಮ್ಮವ್ವ ಸತ್ತಲ್ಲಿಂದ ಎದ್ದ ಬಂದು ಬಡೀತಾಳ."

"ಬೆರಳ ಹೋದ್ರ?"

"ಹೋಗ್ಲಿ ಬಿಡ್ರಿ. ಇನ್ನೂ ಅದಾವಲ್ಲ." ಹಾಗೆ ಅಂದವಳು ಕಾಲನ್ನು ಸೀರೆಯೊಳಗೆ ಇನ್ನಷ್ಟು ಎಳೆದುಕೊಂಡಳು. ಶಿವಪುತ್ರಪ್ಪ ಗೋಡೆಯ ಕಡೆ ಮುಖ ಮಾಡಿದ.

ಹಾಗಿದ್ದರೆ ದಿನಾ ನೋಡುತ್ತಾರೆ ಎಂದು ನಮಗೆ ಯಾಕೆ ಹೇಳುತ್ತಿದ್ದೆ ಎಂದು ಕೇಳಿದೆ.

"ಇಲ್ಲ ಅಂದ್ರ ಅವ್ರ ಹೆಸರ ಕೆಡತೈತಲ್ರಿ. ಹೇಣ್ತೀನ್ನ ನೋಡಂಗಿಲ್ಲ ಅಂತ ನಿಮ್ಮ ಕಂಪ್ಯೂಟರನ್ಯಾಗ ಹೋಗತೈತಿ."

ವೈಶಾಲಿ ಮೊಬೈಲನ್ನು ಕೆಳಗಿಟ್ಟಳು. "ಮೇಡಂ, ಎಲ್ಲಾ ಆಂಟೀಲೋಗ್ ಹಂಗೇ ಹೇಳಿದ್ರು, ನಾನೂ ಹೌದು ಅಂತ ಟಿಕ್ ಕಿಯಾ. ನಮ್ಮ ಆಯೀನೂ ಹಂಗೇ ಹೇಳತಿದ್ಲು, ಪಕ್ಕಾ."

ಚಹಾ ಬಂತು. ಕುಡಿದೆವು. ನನಗೆ ಆ ಹೊತ್ತಿನಲ್ಲಿ ಆದದ್ದು ನಾಚಿಕೆಯಲ್ಲ, ಒಂದು ಬಗೆಯ ಸ್ಪಷ್ಟತೆ. ಕಾಣೆಯಾಗಿದ್ದ ಸಾಮಾನು ಮನೆಯ ನಡುವಿನಲ್ಲೇ ಇದ್ದಾಗ ಆಗುವಂಥದ್ದು. ನಮ್ಮ ಕರಪತ್ರದಲ್ಲಿ ಒಂದು ಚಿತ್ರವಿದೆ: ಕುರ್ಚಿಯ ಮೇಲೆ ಕೂತವನು ಗಂಡಸು, ನೆಲದ ಮೇಲೆ ಕೂತು ಅವನ ಅಂಗಾಲು ನೋಡುತ್ತಿರುವವಳು ಹೆಂಗಸು. ಅದನ್ನು ನಾನು ಒಪ್ಪಿ ಸಹಿ ಮಾಡಿದ್ದೆ. ನಮ್ಮ ತಂಡದಲ್ಲಿ ಮುಕ್ಕಾಲು ಪಾಲು ಹೆಂಗಸರು, ಎಲ್ಲರೂ ಇಂಥ ಮನೆಗಳಿಂದಲೇ ಬಂದವರು, ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಹೊರಗಿನವರು ಯಾರಾದರೂ ಬಂದಿದ್ದರೆ ಹೆಂಗಸಿನ ಕಾಲನ್ನು ಯಾರು ನೋಡುತ್ತಾರೆ ಎಂದು ಮೊದಲ ದಿನವೇ ಕೇಳುತ್ತಿದ್ದರು. ಆ ಮನೆಗಳು ನನಗೆ ಗೊತ್ತಿದ್ದವು, ಅದಕ್ಕೇ ನಾನು ಕೇಳಲಿಲ್ಲ.

ಶಿವಪುತ್ರಪ್ಪನನ್ನು ಬಲವಂತ ಮಾಡಬಹುದಿತ್ತು. ಡಾಕ್ಟರರ ಅಪ್ಪಣೆ ಎಂದಿದ್ದರೆ ಅವನು ಅಂದೇ ಅವಳ ಕಾಲು ಹಿಡಿಯುತ್ತಿದ್ದ. ಅವಳೂ ಒಂದು ದಿನ, ಎರಡು ದಿನ ಹಲ್ಲು ಕಚ್ಚಿ ಕೊಡುತ್ತಿದ್ದಳು. ಮೂರನೆಯ ದಿನ ಮತ್ತೆ ಹೌದು ನೋಡುತ್ತಾರೆ ಅನ್ನುತ್ತಿದ್ದಳು. ಒಬ್ಬಳ ಇಡೀ ಆಯುಷ್ಯದ ನಡವಳಿಕೆಯನ್ನು ಒಂದು ಹುಣ್ಣಿಗಾಗಿ ತಿದ್ದುವುದು ನನ್ನ ಕೆಲಸವಲ್ಲ, ಹುಣ್ಣು ವಾಸಿಯಾಗಬೇಕು ಅಷ್ಟೇ. ನೀವು ಇದನ್ನು ರಾಜಿ ಅನ್ನುತ್ತೀರಿ. ಅನ್ನಿ.

ನಾನು ದಿಲನಾಜಳ ಕಡೆ ತಿರುಗಿದೆ. "ನೀ ನೋಡ್ತೀಯೇನವಾ ಈಕೀ ಕಾಲ?"

"ನೋಡ್ತೀನಿ. ನನಗೇನ ಪಾಪ ತಟ್ಟತೈತಿ? ಆದ್ರ ಆಕೀನೂ ನಂದು ನೋಡಬೇಕು. ಖಾಲಿಪೀಲಿ ಕೆಲಸ ನಾ ಮಾಡಂಗಿಲ್ಲ."

"ನಿನ್ನ ಕಾಲ ಮುಟ್ಟಿ ನಾ ನಮಸ್ಕಾರ ಮಾಡಂಗಿಲ್ಲ ಮತ್ತ," ಅಂದಳು ಶರಣವ್ವ.

"ಮಾಡಬ್ಯಾಡ. ನಮ್ಮಲ್ಲಿ ಮನಷ್ಯಾರ ಕಾಲಿಗೆ ಬಾಗಂಗೇ ಇಲ್ಲ. ಬರೇ ನೋಡ. ನಖರಾ ಬಿಟ್ಟು ಕಾಲ ಚಾಚ ಈಗ."

ಶರಣವ್ವ ಗಂಡನ ಕಡೆ ನೋಡಿದಳು. ಅವನು ಏಣಿ ಹತ್ತಿ ಮೇಲೆ ಹೋದ. ಅವನು ಮರೆಯಾದ ಮೇಲೆ ಅವಳು ಕಾಲು ಚಾಚಿದಳು.

ಅವತ್ತೇ ವೈಶಾಲಿ ಇಬ್ಬರಿಗೂ ತೋರಿಸಿಕೊಟ್ಟಳು: ಎಲ್ಲಿ ಒತ್ತಬೇಕು, ಬೆರಳ ಸಂದಿ ಹೇಗೆ ಬಿಡಿಸಬೇಕು, ಯಾವ ಕೆಂಪು ಭಯದ್ದು. ಹದಿನೈದು ದಿನಗಳಲ್ಲಿ ಆ ಗಲ್ಲಿಯಲ್ಲೂ ಪಕ್ಕದ ಗಲ್ಲಿಯಲ್ಲೂ ಶುಗರಿನ ಹೆಂಗಸರನ್ನು ಜೋಡಿ ಮಾಡಿದೆವು. ಜೋಡಿಯನ್ನು ಅವರೇ ಆರಿಸಿಕೊಳ್ಳಬೇಕು, ಅದೊಂದೇ ನಿಯಮ. ನಾವು ಆರಿಸಿದ್ದರೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ತಾವೇ ಆರಿಸಿಕೊಂಡಾಗ ಜಗಳವೂ ಆಯಿತು, ಕೆಲವರು ಜೋಡಿ ಬದಲಿಸಿಕೊಂಡರು, ಒಬ್ಬಳು ತನ್ನ ನಾದಿನಿಯ ಕಾಲನ್ನು ಸತ್ತರೂ ನೋಡುವುದಿಲ್ಲ ಅಂದಳು. ಒಳ್ಳೆಯ ಲಕ್ಷಣ ಅಂದುಕೊಂಡೆ. ಸುಳ್ಳು ಹೇಳುವವರು ಜಗಳವಾಡುವುದಿಲ್ಲ.

ಜನವರಿಯ ಕೊನೆಗೆ ಮತ್ತೆ ಹೋದಾಗ ಮಧ್ಯಾಹ್ನ. ಇಬ್ಬರೂ ಹೊಸ್ತಿಲ ಬೆಳಕಿನಲ್ಲಿ ಎದುರುಬದುರು ಕೂತಿದ್ದರು, ಒಬ್ಬಳ ಕಾಲು ಇನ್ನೊಬ್ಬಳ ತೊಡೆಯ ಮೇಲೆ. ದಾರಿಹೋಕರು ಕಾಲು ದಾಟದೆ ಬಳಸಿ ಹೋಗುತ್ತಿದ್ದರು.

"ಹಿಮ್ಮಡ ನೋಡ, ಬ್ಯಾಸಗಿ ಹೊಲ ಆಗೇತಿ," ಅನ್ನುತ್ತಿದ್ದಳು ಶರಣವ್ವ. "ಎಣ್ಣಿ ಹಚ್ಚಂಗಿಲ್ಲೇನ? ಗಂಡಗ ಭಜಿ ಕರ್ಯಾಕ ಮಾತ್ರ ಡಬ್ಬಿಗಟ್ಟಲೆ ಸುರೂತಿ."

"ಭಜಿ ತಿಂದಾಂವ ಹೊಗಳತಾನ. ಹಿಮ್ಮಡ ಏನ ಹೊಗಳತೈತಿ?"

ಅಟ್ಟದ ಮೇಲೆ ಸುತ್ತಿಗೆ ನಿಂತಿತು. "ದಿಲನಾಜ ಬೇನ್, ಕೆಂಪ ಐತೇನು?"

"ನಿನ್ನೀಗಿಂತ ಕಮ್ಮಿ."

"ಬಾವು?"

"ಇಲ್ಲಪಾ, ನೀ ನಿನ್ನ ಕೆಲಸ ಮಾಡ."

ಸುತ್ತಿಗೆ ಮತ್ತೆ ಶುರುವಾಯಿತು. ದಿನಾ ಹೀಗೇ ಕೇಳುತ್ತಾನಂತೆ. ಕೇಳದೆ ಊಟಕ್ಕೆ ಇಳಿಯುವುದಿಲ್ಲವಂತೆ. ಈಗ ಅಟ್ಟದ ಕಂಡಿಗೆ ತಗಡು ಹೊಡೆದು ಮೊಳೆ ಕೆಳಗೆ ಬೀಳದಂತೆ ಮಾಡಿದ್ದಾನೆ. ಶರಣವ್ವ ಈ ಯಾವುದರ ಬಗ್ಗೆಯೂ ಮಾತಾಡಲಿಲ್ಲ. ಅವನು ಕೇಳುವ ಹೊತ್ತಿಗೆ ಸರಿಯಾಗಿ ಅವಳು ಬೇರೆ ಕಡೆ ನೋಡುತ್ತಾಳೆ ಎಂಬುದನ್ನು ಮಾತ್ರ ನಾನು ಗಮನಿಸಿದೆ.

ಮೊನ್ನೆ ಬುಧವಾರ ಸರ್ಜನ್ ಕಟ್ಟು ಬಿಚ್ಚಿ, ಬೆರಳು ಉಳಿಯಿತು ಅಂದರು. ಗಾಯ ತಳದಿಂದ ತುಂಬಿಕೊಂಡು ಬರುತ್ತಿದೆ. ಅವರು ಹೆಚ್ಚು ಮಾತಿನವರಲ್ಲ. ಆದ್ದರಿಂದ ನಂಬಿದ್ದೇನೆ.

ಶುಕ್ರವಾರ ಸಮಿತಿಯ ಸಭೆಯಿತ್ತು. ಒಂದು ತಿಂಗಳಲ್ಲಿ ಅಂಕಿಗಳು ಏನನ್ನೂ ಹೇಳುವುದಿಲ್ಲ, ಹಾಗಾಗಿ ನಾನೂ ಅಂಕಿಗಳ ಆಸರೆ ಹುಡುಕಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದೆ. ನಮ್ಮ ಪ್ರಶ್ನೆಗೆ ಹೆಂಗಸರು ಕೊಟ್ಟದ್ದು ಕಾಲಿನ ಉತ್ತರವಲ್ಲ, ಗಂಡನ ಮರ್ಯಾದೆಯ ಉತ್ತರ ಅಂದೆ. ಅಧ್ಯಕ್ಷರು ಕನ್ನಡಕ ಒರೆಸುತ್ತ, "ನೆರೆಮನೆಯವಳು ಅಂದರೆ ಯಾರು, ಅದನ್ನು ಅಳೆಯುವುದು ಹೇಗೆ?" ಎಂದು ಕೇಳಿದರು. ಗಂಡನನ್ನು ಅಳೆಯಲು ಹೊರಟಿದ್ದೆವಲ್ಲ ಸರ್, ಅದಕ್ಕಿಂತ ಸುಲಭ ಅಂದೆ. ಮೇಜಿನ ಸುತ್ತ ನಕ್ಕರು. ಮೊದಲು ನಕ್ಕದ್ದು ಹೆಂಗಸರು. ಇನ್ನೊಂದು ವರ್ಷ ಜೋಡಿಗಳೊಂದಿಗೆ ಮುಂದುವರಿಯಲು ಒಪ್ಪಿಗೆ ಸಿಕ್ಕಿದೆ. ಹೆಂಗಸರ ಹುಣ್ಣೂ ಇಳಿಯುತ್ತದೆ, ನನಗೆ ಅನುಮಾನವಿಲ್ಲ. ಕರಪತ್ರದ ಚಿತ್ರವನ್ನು ಬದಲಿಸುತ್ತಿದ್ದೇವೆ. ಚಿತ್ರಕಾರ ಇಬ್ಬರು ಹೆಂಗಸರ ಮುಖದಲ್ಲೂ ನಗು ಹಾಕಿದ್ದ, ತೆಗೆಸಿದೆ. ಕಾಲು ನೋಡುವವರು ನಗುತ್ತ ನೋಡುವುದಿಲ್ಲ, ಬೈಯುತ್ತ ನೋಡುತ್ತಾರೆ.

ನಿಮ್ಮ ಶಾಸನಗಳ ಪುಸ್ತಕ ಎಲ್ಲಿಗೆ ಬಂತು? ಕರಡು ತಿದ್ದಲು ಕಣ್ಣು ಸಹಕರಿಸದಿದ್ದರೆ ಯಾರಾದರೂ ವಿದ್ಯಾರ್ಥಿಯಿಂದ ಓದಿಸಿಕೊಳ್ಳಿ, ಹಟ ಬೇಡ. ಬೆಳಗಿನ ನಡಿಗೆ ಬಿಡಬೇಡಿ. ಬಿ.ಪಿ. ಮಾತ್ರೆಯನ್ನು ನೆನಪಾದಾಗ ಅಲ್ಲ, ಹೊತ್ತಿಗೆ ತಗೊಳ್ಳಿ. ಈ ಊರಿಗೆ ಒಂದು ವರ್ಷದ ರಜೆ ಹಾಕಿ ಹೋಗಿ ಇನ್ನೂ ಮರಳದವರಿಗೆ ನಾನು ಇಷ್ಟು ಹೇಳಬಹುದು ತಾನೇ. ನಿಮ್ಮ ಮೈ ಗಟ್ಟಿಯಾಗಿರಲಿ, ಕೆಲಸ ಕೈಗೂಡಲಿ, ನಿದ್ದೆ ನಿಮ್ಮನ್ನು ಹುಡುಕಿಕೊಂಡು ಬರಲಿ.

ನಿಮ್ಮ
ನೀಲಾವತಿ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆಯಲು ಜಾಗ ಸಿಗಲಿಲ್ಲ.

ಗುರುವಾರ ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಕಾಲಿನ ಸ್ಪರ್ಶ ಪರೀಕ್ಷೆ ಕಲಿಸುತ್ತಿದ್ದೆವು. ನೈಲಾನಿನ ಒಂದು ಗಟ್ಟಿ ಎಳೆ ಇರುತ್ತದೆ. ಕಣ್ಣು ಮುಚ್ಚಿ ಮಲಗಿದವರ ಅಂಗಾಲಿಗೆ ಅದು ಬಾಗುವಷ್ಟು ಒತ್ತಬೇಕು. ತಾಗಿದಾಗ ಅವರು ಹೂಂ ಅನ್ನಬೇಕು. ತೋರಿಸಲು ಒಂದು ಕಾಲು ಬೇಕಿತ್ತು. ನಾನು ಬೂಟು ಬಿಚ್ಚಿ ಮೇಜಿನ ಮೇಲೆ ಮಲಗಿ ಕಣ್ಣು ಮುಚ್ಚಿದೆ. ಬಹಳ ಹೊತ್ತು ಕಾದು, ಶುರು ಮಾಡವಾ ವೈಶಾಲಿ, ಅಂದೆ. ಅವಳು ಮೆಲ್ಲಗೆ, "ಎಡಗಾಲು ಮುಗೀತು, ಮೇಡಂ," ಅಂದಳು.

ನನಗೆ ಶುಗರ್ ಇದೆ ಎಂದು ನಿಮಗೆ ಹೇಳಿದ್ದೆ. ಎಷ್ಟು ವರ್ಷದಿಂದ ಎಂದು ಹೇಳಿರಲಿಲ್ಲ. ಗಾಬರಿಪಡುವಂಥದ್ದಲ್ಲ. ಗಾಯವಿಲ್ಲ, ಬಲಗಾಲಿಗೆ ತಿಳಿಯುತ್ತದೆ, ಮಾತ್ರೆ ಬದಲಿಸಿದ್ದಾರೆ, ಹೊಸ ಬೂಟು ಬಂದಿದೆ, ಮಾಡಬೇಕಾದ್ದೆಲ್ಲವನ್ನೂ ಮಾಡುತ್ತೇನೆ. ಎಲ್ಲರೂ ಹೊರಗೆ ಹೋದ ಮೇಲೆ ವೈಶಾಲಿ ನನ್ನನ್ನೂ ಮಿಕ್ಕವರನ್ನು ಕೇಳುವ ಹಾಗೇ ಕೇಳಿದಳು: "ಮೇಡಂ, ಮನೇಲಿ ದಿನಾ ಕಾಲು ಕೌನ್ ದೇಖೇಗಾ, ಯಾರು?" ಒಬ್ಬಳೇ ಇರುತ್ತೇನೆ, ಹಾಗೇ ಬರೆದುಕೋ, ಅಂದೆ. ನೀವು ಧಾರವಾಡದಲ್ಲಿದ್ದೀರಿ ಎಂದಷ್ಟೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೂ ಹೌದು. ಒಬ್ಬಳೇ ಇರುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕೋಣೆಯಲ್ಲಿ ಏನೂ ಬಿದ್ದುಹೋಗಲಿಲ್ಲ. ವೈಶಾಲಿ ಬರೆದುಕೊಂಡಳು.

ಈ ಬಿಲ್ಡಿಂಗಿನಲ್ಲಿ ಎದುರು ಮನೆಯವರ ಹೆಸರು ಅವರ ಬಾಗಿಲ ಮೇಲಿರುವಷ್ಟೇ ನನಗೆ ಗೊತ್ತು. ಜೋಡಿ ಹುಡುಕಿಕೊಳ್ಳುತ್ತೇನೆ, ಅದು ಆಗದ ಕೆಲಸವಲ್ಲ. ಆದರೆ ಈ ಮೂರು ದಿನ ಸ್ನಾನ ಮಾಡಿ ಬಂದು ಮಂಚದ ಮೇಲೆ ಕೂತಾಗಲೆಲ್ಲ ಇನ್ನೊಂದು ವಿಷಯವನ್ನು ಯೋಚಿಸುತ್ತಿದ್ದೇನೆ. ನೀವು ಇಲ್ಲಿ ಇದ್ದಿದ್ದರೆ ನೋಡುತ್ತಿದ್ದಿರಿ. ಕನ್ನಡಕ ಏರಿಸಿಕೊಂಡು, ಶಾಸನ ಓದುವಷ್ಟು ತಾಳ್ಮೆಯಿಂದ ನೋಡುತ್ತಿದ್ದಿರಿ, ಅದರಲ್ಲಿ ನನಗೆ ಸಂಶಯವಿಲ್ಲ.

ನಾನು ನೋಡಗೊಡುತ್ತಿದ್ದೆನೇ?